ಹಠವೋ, ನೋವೋ? ಬಿ.ಎ. ತರಗತಿಯಲ್ಲಿ ವರ್ತನೆಯ ಲೆಕ್ಕ

ಕಳೆದ ತಿಂಗಳು ರಕ್ತದೊತ್ತಡ ತೋರಿಸಲು ಬಂದಿದ್ದ ಗೃಹಿಣಿಯೊಬ್ಬರು, ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುವ ಮೊದಲೇ ಬೇರೆ ವಿಷಯ ಎತ್ತಿದರು. ‘‘ಡಾಕ್ಟ್ರೇ, ನಮ್ಮ ಹುಡುಗಿ ಬಿ.ಎ. ಎರಡನೇ ವರ್ಷ. ಸೈಕಾಲಜಿ ತಗೊಂಡಿದ್ದಾಳೆ. ಈಗ ಅದೇನೋ ಎ.ಬಿ.ಎ. ಕಲೀತೀನಿ, ಆಟಿಸಂ ಇರೋ ಮಕ್ಕಳ ಜೊತೆ ಕೆಲಸ ಮಾಡ್ತೀನಿ ಅಂತ ಒಂದೇ ಸಮ ಹಠ. ಶನಿವಾರ, ಭಾನುವಾರದ ಕೋರ್ಸಂತೆ, ನಲವತ್ತೈದು ಸಾವಿರ ಕೇಳ್ತಿದ್ದಾರೆ. ನಮ್ಮನೆಯವರು ಸುತರಾಂ ಬೇಡ ಅಂತಾರೆ. ಅದರಲ್ಲಿ ಏನಿದೆ ಅಂತ ನೀವಾದರೂ ಹೇಳಿ.’’ ಅವರ ರಕ್ತದೊತ್ತಡ ಅಂದು 150 ದಾಟಿತ್ತು. ಕಾರಣ ಕೇಳುವ ಅಗತ್ಯವೇ ಬೀಳಲಿಲ್ಲ.

ಹೊರಗೆ ಹತ್ತು ಜನ ಕಾಯುತ್ತಿರುವಾಗ ಹೇಳಿ ಮುಗಿಸುವ ವಿಷಯ ಇದಲ್ಲ. ಇಂಥ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಎದ್ದಿರಬಹುದು ಎನ್ನಿಸಿ ಈ ವಾರದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ನಾನು ಮನೋವೈದ್ಯನಲ್ಲ, ಎಂ.ಬಿ.ಬಿ.ಎಸ್. ಓದಿದ ಸಾಮಾನ್ಯ ವೈದ್ಯ. ಆದರೂ ಈ ವಿದ್ಯೆಯ ಬಗ್ಗೆ ಬರೆಯಲು ನನಗೊಂದು ಕಾರಣವಿದೆ. ನಾನು ಮಾಡಿದ ತಪ್ಪೊಂದನ್ನು ಇದೇ ವಿದ್ಯೆಯ ಅ ಆ ಇ ಈ ಕಲಿಯುತ್ತಿದ್ದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ತೋರಿಸಿಕೊಟ್ಟಳು. ಅದನ್ನು ಆಮೇಲೆ ಹೇಳುತ್ತೇನೆ.

ಏನಿದು ಎ.ಬಿ.ಎ.?

‘ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್’ ಎಂಬುದರ ಹ್ರಸ್ವರೂಪವೇ ಎ.ಬಿ.ಎ. ಕನ್ನಡದಲ್ಲಿ ಅನ್ವಯಿಕ ವರ್ತನಾ ವಿಶ್ಲೇಷಣೆ ಎನ್ನಬಹುದು. ಹೆಸರು ದೊಡ್ಡದಾದರೂ ಮೂಲ ವಿಚಾರ ಸರಳ. ನಾವು ಮಾಡುವ ಯಾವುದೇ ಕೆಲಸಕ್ಕೆ ಮುಂಚೆ ಏನೋ ಒಂದು ನಡೆದಿರುತ್ತದೆ, ಮಾಡಿದ ಮೇಲೆ ಏನೋ ಒಂದು ಸಿಗುತ್ತದೆ. ಸಿಕ್ಕಿದ್ದರಿಂದಾಗಿ ಆ ಕೆಲಸವನ್ನು ಮತ್ತೆ ಮತ್ತೆ ಮಾಡುವಂತಾದರೆ ಅದಕ್ಕೆ ಮನೋವಿಜ್ಞಾನದಲ್ಲಿ ಪುನರ್ಬಲನ ಎನ್ನುತ್ತಾರೆ.

ಅಂಗಡಿಯ ಮುಂದೆ ಮಗು ಚಾಕೊಲೇಟಿಗಾಗಿ ನೆಲಕ್ಕೆ ಬಿದ್ದು ಹೊರಳುತ್ತದೆ. ನಾಲ್ಕು ಜನ ನೋಡುತ್ತಾರೆಂಬ ನಾಚಿಕೆಗೆ ತಾಯಿ ಕೊಡಿಸುತ್ತಾಳೆ. ಹೊರಳಿದರೆ ಚಾಕೊಲೇಟು ಸಿಗುತ್ತದೆ ಎಂದು ಮಗು ಕಲಿಯಿತು ಎಂದು ನಾವೆಲ್ಲ ಹೇಳುತ್ತೇವೆ. ಕೊಡಿಸಿದರೆ ರಂಪ ನಿಲ್ಲುತ್ತದೆ ಎಂದು ತಾಯಿಯೂ ಅದೇ ಕ್ಷಣದಲ್ಲಿ ಕಲಿತಳು ಎಂಬುದನ್ನು ಮಾತ್ರ ಮರೆಯುತ್ತೇವೆ. ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳುತ್ತಿದ್ದಾರೆ!

ಈ ವಿಚಾರಗಳಿಗೆ ಪ್ರಯೋಗಾಲಯದಲ್ಲಿ ಗಟ್ಟಿ ರೂಪ ಕೊಟ್ಟವರು ಅಮೆರಿಕದ ಬಿ.ಎಫ್. ಸ್ಕಿನ್ನರ್ (1904–1990). ಮೊದಲು ಇಲಿಗಳ ಮೇಲೆ, ಬಳಿಕ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದರು. ಅವರ ಮೊದಲ ದೊಡ್ಡ ಗ್ರಂಥ ಪ್ರಕಟವಾದದ್ದು 1938ರಲ್ಲಿ. ಅಲ್ಲಿಂದ ಇದು ಆಸ್ಪತ್ರೆಯ ವಾರ್ಡಿಗೆ, ಶಾಲೆಗೆ, ಮನೆಗೆ ಬರಲು ಇಪ್ಪತ್ತು ಮೂವತ್ತು ವರ್ಷ ಹಿಡಿಯಿತು. 1968ರಲ್ಲಿ ಈ ವಿಷಯಕ್ಕೇ ಮೀಸಲಾದ ಪತ್ರಿಕೆಯೊಂದು ಅಮೆರಿಕದಲ್ಲಿ ಹೊರಟಿತು. ಅದರ ಮೊದಲ ಸಂಪುಟದಲ್ಲೇ ಬೇಯರ್, ವುಲ್ಫ್, ರಿಸ್ಲೆ ಎಂಬ ಮೂವರು ಈ ವಿದ್ಯೆಗೆ ಇರಬೇಕಾದ ಏಳು ಲಕ್ಷಣಗಳನ್ನು ಬರೆದರು. ಇಂದಿಗೂ ವಿದ್ಯಾರ್ಥಿಗಳು ಮೊದಲು ಓದುವುದು ಅದನ್ನೇ. ಏಳನ್ನೂ ಇಲ್ಲಿ ಒಪ್ಪಿಸುವುದು ಬೇಡ. ಮೊದಲನೆಯದು ಮಾತ್ರ ನೆನಪಿರಲಿ: ಬದಲಾಯಿಸಲು ಹೊರಟ ವರ್ತನೆ ಆ ವ್ಯಕ್ತಿಯ ಬದುಕಿಗೆ, ಅವನ ಸಮಾಜಕ್ಕೆ ನಿಜವಾಗಿ ಮುಖ್ಯವಾದದ್ದಾಗಿರಬೇಕು.

ಹಾಗೆಂದರೇನು ಎಂದು ತಿಳಿಯಲು ಅದೇ ವುಲ್ಫ್, ರಿಸ್ಲೆ ಅವರು ಇನ್ನೊಬ್ಬ ಸಹೋದ್ಯೋಗಿಯೊಡನೆ 1964ರಲ್ಲಿ ಪ್ರಕಟಿಸಿದ ಒಂದು ಮಗುವಿನ ಕತೆ ಸಾಕು. ವೈದ್ಯಕೀಯ ಸಾಹಿತ್ಯದಲ್ಲಿ ಅವನಿಗೆ ಡಿಕಿ ಎಂದು ಹೆಸರು. ಮೂರೂವರೆ ವರ್ಷ, ಆಟಿಸಂ. ಹಸುಳೆಯಾಗಿದ್ದಾಗಲೇ ಕಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆ ಮಾಡಿ ಕಣ್ಣಿನ ಮಸೂರಗಳನ್ನೇ ತೆಗೆದಿದ್ದರು. ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುವ ಭಯ. ಹುಡುಗನೋ ಕನ್ನಡಕ ಮುಟ್ಟಗೊಡುತ್ತಿರಲಿಲ್ಲ. ವಾಷಿಂಗ್ಟನ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದರಲ್ಲಿದ್ದ ಅವನಿಗೆ ಇವರು ಮೊದಲು ಗಾಜಿಲ್ಲದ ಬರೀ ಫ್ರೇಮು ಕೊಟ್ಟರು. ಕೈಯಲ್ಲಿ ಹಿಡಿದರೆ ಒಂದು ತುಣುಕು ತಿಂಡಿ. ಮುಖದ ಹತ್ತಿರ ತಂದರೆ ಇನ್ನೊಂದು. ಮಿಠಾಯಿ, ಹಣ್ಣು ನಡೆಯದಿದ್ದಾಗ ಬೆಳಗಿನ ತಿಂಡಿಯನ್ನೇ ತುತ್ತು ತುತ್ತಾಗಿ ಬಳಸಿದರು. ಹೀಗೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹೋಗಿ ಕೊನೆಗೆ ಡಿಕಿ ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಹಾಕಿಕೊಳ್ಳುವಂತಾದ. ಕನ್ನಡಕ ಎಸೆದಾಗ ಅವನನ್ನು ಹತ್ತು ನಿಮಿಷ ಕೋಣೆಯೊಳಗೆ ಬಿಡುತ್ತಿದ್ದರು ಎಂಬುದನ್ನೂ ಮುಚ್ಚಿಡಬಾರದು. ಇಂದಿನ ಕಣ್ಣಿಗೆ ಆ ಭಾಗ ಒರಟಾಗಿ ಕಾಣುತ್ತದೆ. ಹುಡುಗನ ದೃಷ್ಟಿಯೇ ಪಣಕ್ಕಿತ್ತು ಎಂಬುದೂ ನಿಜ.

ತರಗತಿಯಲ್ಲಿ ಕಲಿಯುವುದೇನು?

ನಮ್ಮಲ್ಲಿ ಬಿ.ಎ.ಯಲ್ಲಿ ಮನೋವಿಜ್ಞಾನವನ್ನು ಸಾಮಾನ್ಯವಾಗಿ ಪತ್ರಿಕೋದ್ಯಮ, ಸಮಾಜಶಾಸ್ತ್ರ ಮುಂತಾದ ವಿಷಯಗಳ ಜೊತೆ ಓದುತ್ತಾರೆ. ಕಲಿಕೆ ಎಂಬ ಅಧ್ಯಾಯದಲ್ಲಿ ಪಾವ್ಲೊವ್‌ನ ನಾಯಿ, ಥಾರ್ನ್‌ಡೈಕ್‌ನ ಬೆಕ್ಕು, ಸ್ಕಿನ್ನರ್‌ನ ಇಲಿ ಬಂದು ಹೋಗುತ್ತವೆ. ಪ್ರಾಕ್ಟಿಕಲ್ಲಿನಲ್ಲಿ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಪ್ರಯೋಗ, ರೆಕಾರ್ಡ್ ಪುಸ್ತಕ. ಅದರಾಚೆಗೆ ಅನ್ವಯಿಕ ವರ್ತನಾ ವಿಶ್ಲೇಷಣೆ ಸಿಗುವುದು ಆಸಕ್ತಿಯಿರುವ ಅಧ್ಯಾಪಕರು ಸಿಕ್ಕಿದಾಗ ಮಾತ್ರ.

ನನ್ನ ಅಕ್ಕನ ಮಗಳಿಗೆ ಅಂಥವರೊಬ್ಬರು ಸಿಕ್ಕಿದ್ದರು. ಅವರು ಕೊಟ್ಟ ಮೊದಲ ಕೆಲಸ, ‘ಹಠ’ ಎಂಬ ಪದವನ್ನು ಬಳಸದೆ ಒಂದು ಮಗುವಿನ ಹಠವನ್ನು ವರ್ಣಿಸುವುದು. ಪ್ರಯತ್ನಿಸಿ ನೋಡಿ, ಸುಲಭವಲ್ಲ. ಹಠ, ಸೋಮಾರಿತನ, ಕೊಬ್ಬು, ಮುದ್ದು ಹೆಚ್ಚಾಗಿ ಕೆಟ್ಟದ್ದು ಇವೆಲ್ಲ ನಮ್ಮ ತೀರ್ಪುಗಳು. ಕಣ್ಣಿಗೆ ಕಾಣುವುದು, ಎಣಿಸಲು ಬರುವುದು ಯಾವುದು? ‘ತಟ್ಟೆಯನ್ನು ನೆಲಕ್ಕೆ ದೂಡಿದ’, ‘ಎರಡು ನಿಮಿಷ ಕಿರುಚಿದ’. ಹೀಗೆ ಬರೆದರೆ ಇಬ್ಬರು ಬೇರೆ ಬೇರೆ ಕುಳಿತು ನೋಡಿದರೂ ಲೆಕ್ಕ ಹೆಚ್ಚುಕಡಿಮೆ ಒಂದೇ ಬರಬೇಕು. ಬಾರದಿದ್ದರೆ ವರ್ಣನೆ ಸರಿಯಿಲ್ಲ ಎಂದರ್ಥ.

ಎರಡನೆಯ ಕೆಲಸ ತನ್ನದೇ ಅಭ್ಯಾಸವೊಂದನ್ನು ಎಣಿಸುವುದು. ಅವಳು ಉಗುರು ಕಚ್ಚುವುದನ್ನು ಆರಿಸಿಕೊಂಡಳು. ಚಿಕಿತ್ಸೆ ಶುರು ಮಾಡುವ ಮುಂಚೆ ಒಂದು ವಾರ ಬರೀ ಎಣಿಸಬೇಕು, ಅದು ಬುಡದ ಗೆರೆ. ತಮಾಷೆಯೆಂದರೆ, ಎಣಿಸಲು ತೊಡಗಿದೊಡನೆ ಕಚ್ಚುವುದೇ ಕಡಿಮೆಯಾಯಿತು! ‘‘ಮಾಮ, ನನ್ನ ಪ್ರಾಜೆಕ್ಟ್ ಹಾಳಾಯ್ತು’’ ಎಂದು ಗೋಳಾಡಿದಳು. ಹಾಳಾಗಿರಲಿಲ್ಲ. ತನ್ನನ್ನು ತಾನು ಗಮನಿಸಿದಾಗ ವರ್ತನೆ ಬದಲಾಗುವುದು ಚೆನ್ನಾಗಿ ಗೊತ್ತಿರುವ ಸಂಗತಿ. ನನ್ನ ಸಕ್ಕರೆ ಕಾಯಿಲೆಯ ರೋಗಿಗಳಿಗೆ ನಡೆದ ನಿಮಿಷಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಂದು ನಾನು ಹೇಳುವುದು ಆಮೇಲಿಂದ.

ಆ ಹುಡುಗನ ಕತೆ

ಈಗ ನನ್ನ ತಪ್ಪಿನ ವಿಷಯ. ಕುಟುಂಬದ ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ನಮ್ಮ ಊರಿನ ಪುಟ್ಟ ವಿಶೇಷ ಶಾಲೆಯೊಂದಕ್ಕೆ ಅಕ್ಕನ ಮಗಳು ಶನಿವಾರ ಶನಿವಾರ ಸಹಾಯಕ್ಕೆ ಹೋಗುತ್ತಿದ್ದಳು. ಅಲ್ಲಿ ಏಳು ವರ್ಷದ ಒಬ್ಬ ಹುಡುಗ. ಆಟಿಸಂ ಇದೆ, ಮಾತಿಲ್ಲ. ತಕ್ಕಮಟ್ಟಿಗೆ ನೆಮ್ಮದಿಯಾಗಿದ್ದ ಮಗು ಇದ್ದಕ್ಕಿದ್ದಂತೆ ಮುಷ್ಟಿಯಿಂದ ತನ್ನ ದವಡೆಗೆ ತಾನೇ ಹೊಡೆದುಕೊಳ್ಳಲು ಶುರು ಮಾಡಿದ. ಕೆನ್ನೆ ಕೆಂಪಗೆ ಊದಿಕೊಳ್ಳುವಷ್ಟು. ತಾಯಿ ನನ್ನ ಹತ್ತಿರ ಕರೆತಂದರು. ಜ್ವರ ಇರಲಿಲ್ಲ. ಕಿವಿ ನೋಡಿದೆ, ಸರಿಯಾಗಿತ್ತು. ಬಾಯಿ ತೆರೆಸಲು ಹೋದಾಗ ಟಾರ್ಚನ್ನು ಕಿತ್ತು ಎಸೆದ. ಅಂದು ಸಂತೆ ದಿನ, ಹೊರಗೆ ಜನ ತುಂಬಿದ್ದರು. ‘‘ಇಂಥ ಮಕ್ಕಳು ಹೀಗೆ ಮಾಡುವುದುಂಟು, ನೀವು ಓಡಿ ಹೋಗಿ ಎತ್ತಿಕೊಳ್ಳುವುದರಿಂದ ಜಾಸ್ತಿಯಾಗಿದೆ, ಗಮನ ಕೊಡಬೇಡಿ’’ ಎಂದೆ. ರಾತ್ರಿ ನಿದ್ದೆಗೆಂದು ಒಂದು ಸಿರಪ್ ಬರೆದುಕೊಟ್ಟೆ. ಅರ್ಧಂಬರ್ಧ ಓದಿದ ಮನೋವಿಜ್ಞಾನ ವೈದ್ಯನ ಬಾಯಲ್ಲಿ ಎಷ್ಟು ಅಪಾಯಕಾರಿ ನೋಡಿ.

ಶಾಲೆಯ ಹಿರಿಯ ವಿಶೇಷ ಶಿಕ್ಷಕಿ ಅಷ್ಟು ಆತುರ ಪಡಲಿಲ್ಲ. ‘‘ನೀನೇನೂ ಮಾಡಬೇಡ, ಬರಿ ಅಷ್ಟೆ’’ ಎಂದು ನಮ್ಮ ಹುಡುಗಿಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿಸಿದರು. ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗುತ್ತಿತ್ತು, ಅವನು ಏನು ಮಾಡಿದ, ನಂತರ ಏನಾಯಿತು. ಮನೆಯಲ್ಲಿ ತಾಯಿ ಬರೆದರು, ಶಾಲೆಯಲ್ಲಿ ಶಿಕ್ಷಕಿ, ಶನಿವಾರ ಇವಳು. ಎಲ್ಲವನ್ನೂ ಒಟ್ಟುಗೂಡಿಸುವ ಕೆಲಸ ಇವಳದು.

ಹನ್ನೊಂದು ದಿನಗಳ ಮೇಲೆ ಆ ನೋಟ್‌ಬುಕ್ ಹಿಡಿದು ರಾತ್ರಿ ನಮ್ಮ ಮನೆಗೆ ಬಂದಳು. ‘‘ಮಾಮ, ಗಮನ ಸೆಳೆಯೋಕೆ ಅಂತಾದರೆ ಒಬ್ಬನೇ ಇರುವಾಗ ಯಾಕೆ ಹೊಡ್ಕೋತಾನೆ? ಊಟ ಆದಮೇಲೆ ಯಾಕೆ ಜಾಸ್ತಿ? ಫ್ರಿಜ್ಜಿನ ಮೊಸರು ಹಾಕಿದ ಅನ್ನ ತಿಂದ ದಿನ ಮೂರು ಸಲ, ಪಾಯಸದ ದಿನ ನಾಲ್ಕು ಸಲ. ಅದೂ ಪ್ರತಿಸಲ ಎಡಗಡೆಗೇ ಯಾಕೆ?’’

ನಾನು ಉತ್ತರ ಕೊಡಬೇಕಾಗಿರಲಿಲ್ಲ. ತಣ್ಣಗಿನದು, ಸಿಹಿಯಾದದ್ದು, ಒಂದೇ ಪಕ್ಕ, ರಾತ್ರಿ ಮಲಗಿದಾಗ ಹೆಚ್ಚು. ಎಂ.ಬಿ.ಬಿ.ಎಸ್. ಮೂರನೇ ವರ್ಷದ ಹುಡುಗನೂ ಹೇಳುತ್ತಾನೆ. ಮಾರನೆಯ ದಿನವೇ ದಂತವೈದ್ಯರ ಬಳಿ ಕಳಿಸಿದೆ. ಮಗುವಿಗೆ ಅರಿವಳಿಕೆ ಕೊಟ್ಟು ನೋಡಿದಾಗ ಎಡಗಡೆ ಕೆಳಗಿನ ದವಡೆಹಲ್ಲು ಒಳಗೆಲ್ಲ ಹುಳುಕಾಗಿ ಬೇರಿನ ಬಳಿ ಕೀವು ತುಂಬಿತ್ತು. ಹಲ್ಲು ಕಿತ್ತು, ಔಷಧ ಕೊಟ್ಟರು. ಎರಡು ವಾರಕ್ಕೂ ಹೆಚ್ಚು ಕಾಲ ಆ ಹುಡುಗ ಹಲ್ಲುನೋವನ್ನು ತನಗೆ ತಿಳಿದ ಒಂದೇ ರೀತಿಯಲ್ಲಿ ಹೇಳುತ್ತಿದ್ದ. ನಾನು ಅದಕ್ಕೆ ನಿದ್ದೆಯ ಔಷಧ ಕೊಟ್ಟಿದ್ದೆ, ಗಮನ ಕೊಡಬೇಡಿ ಎಂದು ಬೇರೆ ಹೇಳಿದ್ದೆ. ಆ ತಾಯಿಗೆ ತಪ್ಪೊಪ್ಪಿಕೊಂಡೆ. ಅವರು ‘‘ಪರವಾಗಿಲ್ಲ ಡಾಕ್ಟ್ರೇ’’ ಎಂದರು. ಬೈದಿದ್ದರೆ ನನಗೆ ಇನ್ನಷ್ಟು ಹಗುರಾಗುತ್ತಿತ್ತು.

ಹಲ್ಲು ಹೋದ ಮೇಲೆ ಹೊಡೆದುಕೊಳ್ಳುವುದು ದಿನಕ್ಕೆ ಒಂದೆರಡು ಸಲಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಮತ್ತೆ ನೋಟ್‌ಬುಕ್ ನೋಡಿದರು. ಈಗ ಅದು ಅಮ್ಮ ಫೋನಿನಲ್ಲಿ ಮಾತಾಡುವಾಗ ಮಾತ್ರ ಬರುತ್ತಿತ್ತು. ನೋವಿನಿಂದ ಶುರುವಾದದ್ದು, ಹೊಡೆದುಕೊಂಡರೆ ಅಮ್ಮ ಬರುತ್ತಾಳೆ ಎಂಬ ಕಲಿಕೆಯಾಗಿ ಉಳಿದಿತ್ತು. ಶಿಕ್ಷಕಿ ಅಮ್ಮನ ಚಿತ್ರವಿರುವ ಒಂದು ಕಾರ್ಡನ್ನು ಕೊಡುವುದನ್ನು ಅವನಿಗೆ ಕಲಿಸಿದರು. ಕಾರ್ಡು ಕೊಟ್ಟೊಡನೆ ಅಮ್ಮ ಬರಬೇಕು, ಆ ಕ್ಷಣವೇ. ಬೇಡದ ವರ್ತನೆಯಿಂದ ಸಿಗುತ್ತಿದ್ದದ್ದು ಮಾತಿನಿಂದಲೋ ಸಂಜ್ಞೆಯಿಂದಲೋ ಸಿಗುವಂತೆ ಮಾಡುವ ಈ ಕ್ರಮವನ್ನು ಎಡ್ವರ್ಡ್ ಕಾರ್, ಮಾರ್ಕ್ ಡ್ಯುರಾಂಡ್ 1985ರಲ್ಲಿ ಪ್ರಕಟಿಸಿದ್ದರು. ಅದಕ್ಕೂ ಮುಂಚೆ, 1982ರಲ್ಲಿ, ಬಾಲ್ಟಿಮೋರಿನಲ್ಲಿ ಬ್ರಯಾನ್ ಇವಾಟ ಮತ್ತು ಸಂಗಡಿಗರು ತಮಗೆ ತಾವೇ ಗಾಯ ಮಾಡಿಕೊಳ್ಳುವ ಒಂಬತ್ತು ಮಂದಿಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿಟ್ಟು ಪರೀಕ್ಷಿಸಿದ್ದರು. ಒಬ್ಬೊಬ್ಬರ ಕಾರಣವೂ ಒಂದೇ ಆಗಿರಲಿಲ್ಲ. ಒಂದೇ ತರಹ ಕಾಣುವ ಹೊಡೆತ ಒಬ್ಬನಿಗೆ ಗಮನ ತರಬಹುದು, ಇನ್ನೊಬ್ಬನಿಗೆ ಕಷ್ಟದ ಕೆಲಸದಿಂದ ಬಿಡುಗಡೆ ತರಬಹುದು. ನಾನು ಹೇಳಿದ ‘ಗಮನ ಕೊಡಬೇಡಿ’ ಎಂಬ ಸಲಹೆ ಸರಿಯೋ ತಪ್ಪೋ ಎಂಬುದು ಆ ಕಾರಣದ ಮೇಲೆ ನಿಂತಿದೆ.

ಇನ್ನೊಂದು ಮುಖ

ಈ ವಿದ್ಯೆಯ ಎಲ್ಲ ಪುಟಗಳೂ ಇಷ್ಟು ಚೆನ್ನಾಗಿಲ್ಲ. ಲಾಸ್ ಏಂಜಲೀಸ್‌ನ ಐವರ್ ಲೊವಾಸ್ 1960ರ ದಶಕದಲ್ಲಿ ಆಟಿಸಂ ಇರುವ ಮಕ್ಕಳಿಗೆ ಕಲಿಸುವಾಗ ಕಪಾಳಕ್ಕೆ ಹೊಡೆಯುವುದು, ವಿದ್ಯುತ್ ಆಘಾತ ಕೊಡುವುದು ಇವನ್ನೂ ಬಳಸಿದರು. 1965ರಲ್ಲಿ ‘ಲೈಫ್’ ಪತ್ರಿಕೆ ಆ ಚಿತ್ರಗಳನ್ನು ಅಚ್ಚು ಹಾಕಿತ್ತು. ಅದೇ ಲೊವಾಸ್ 1987ರಲ್ಲಿ ಪ್ರಕಟಿಸಿದ ವರದಿಯಿಂದ ಎ.ಬಿ.ಎ.ಗೆ ಜಗತ್ತಿನಲ್ಲೆಲ್ಲ ಹೆಸರು ಬಂತು. ವಾರಕ್ಕೆ 40 ಗಂಟೆ, ಎರಡು ವರ್ಷಕ್ಕೂ ಮೇಲ್ಪಟ್ಟು ತರಬೇತಿ ಪಡೆದ 19 ಪುಟ್ಟ ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೇ ತರಗತಿಯನ್ನು ಯಶಸ್ವಿಯಾಗಿ ಮುಗಿಸಿದರು ಎಂದು ಅದರಲ್ಲಿತ್ತು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ, ಗದರುವುದು, ತೊಡೆಗೆ ಏಟು ಕೊಡುವುದು ಆ ತರಬೇತಿಯಲ್ಲೂ ಇತ್ತು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ತಂದೆತಾಯಿಗೆ ‘ವಾರಕ್ಕೆ 40 ಗಂಟೆ ಬೇಕೇ ಬೇಕು’ ಎಂದು ಯಾರಾದರೂ ಲೆಕ್ಕ ಹಾಕಿ ಫೀಸು ಹೇಳಿದರೆ, ಆ ಅಂಕಿ ಎಲ್ಲಿಂದ ಬಂದದ್ದೆಂದು ನಿಮಗೆ ಗೊತ್ತಿರಲಿ.

ಚಿಕ್ಕಂದಿನಲ್ಲಿ ಇಂಥ ತರಬೇತಿ ಪಡೆದು ಈಗ ದೊಡ್ಡವರಾಗಿರುವ ಆಟಿಸಂ ಇರುವ ಅನೇಕರು ಅದನ್ನು ಕಟುವಾಗಿ ಟೀಕಿಸಿದ್ದಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸಿದ್ದು, ಯಾರಿಗೂ ತೊಂದರೆ ಕೊಡದೆ ಕೈ ಬಡಿದುಕೊಳ್ಳುತ್ತಿದ್ದುದನ್ನೂ ನಿಲ್ಲಿಸಿದ್ದು ಅವರಿಗೆ ಹಿಂಸೆಯಾಗಿತ್ತು. ಕಣ್ಣು ಉಳಿಸಲು ಕನ್ನಡಕ ಹಾಕಿಸುವುದು ಬೇರೆ, ನೆಂಟರ ಮುಂದೆ ಎಲ್ಲರಂತೆ ಕಾಣಲಿ ಎಂದು ಕೈ ಹಿಡಿದು ಕೂರಿಸುವುದು ಬೇರೆ. ಡಿಕಿಗೆ ಕನ್ನಡಕ ಹಾಕಿಸಿದ ವುಲ್ಫ್ ಅವರೇ 1978ರಲ್ಲಿ ಒಂದು ಲೇಖನ ಬರೆದು, ನಮ್ಮ ಗುರಿ, ವಿಧಾನ, ಫಲಿತಾಂಶ ಮೂರನ್ನೂ ಒಪ್ಪುತ್ತೀರಾ ಎಂದು ಸಂಬಂಧಪಟ್ಟವರನ್ನೇ ಕೇಳಬೇಕು ಎಂದು ವಾದಿಸಿದರು. ಬಿ.ಎ. ಹುಡುಗರು ಓದಬೇಕಾದ ಲೇಖನ ಅದು. ಕೆಲವು ತರಬೇತಿ ಕೇಂದ್ರಗಳವರೂ ಓದಿದರೆ ಒಳ್ಳೆಯದು.

ಹಾಗಾದರೆ ಕೋರ್ಸಿಗೆ ಸೇರಬೇಕೇ?

ಓದಬೇಕು, ಧಾರಾಳವಾಗಿ. ಆದರೆ ಬಿ.ಎ. ಓದಿದೊಡನೆ ಮಕ್ಕಳಿಗೆ ಚಿಕಿತ್ಸೆ ಕೊಡಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ದೇಶದಲ್ಲಿ 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು, ವಾಕ್ ಮತ್ತು ಶ್ರವಣ ತಜ್ಞರು ಮೊದಲಾದವರು ಅಲ್ಲಿ ನೋಂದಾಯಿಸಿಕೊಂಡೇ ಕೆಲಸ ಮಾಡಬೇಕು. ಆ ಪಟ್ಟಿಯಲ್ಲಿ ‘ಬಿಹೇವಿಯರ್ ಅನಲಿಸ್ಟ್’ ಎಂಬ ಪ್ರತ್ಯೇಕ ವರ್ಗವಿಲ್ಲ. ಆದ್ದರಿಂದ ನಮ್ಮ ಮಕ್ಕಳಿಗೆ ಭದ್ರವಾದ ದಾರಿಯೆಂದರೆ ಬಿ.ಎ. ಆದ ಮೇಲೆ ಎಂ.ಎ. ಅಥವಾ ಎಂ.ಎಸ್ಸಿ., ಬಳಿಕ ಪರಿಷತ್ತು ಮಾನ್ಯ ಮಾಡಿದ ಉನ್ನತ ತರಬೇತಿ. ಇಲ್ಲವೇ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಎ.ಬಿ.ಎ. ಜ್ಞಾನ ಇವೆಲ್ಲದರೊಳಗೂ ಉಪಯೋಗಕ್ಕೆ ಬರುತ್ತದೆ.

ವಿದೇಶಿ ಸರ್ಟಿಫಿಕೇಟಿನ ವಿಷಯ. ಅಮೆರಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ಒಂದು ಪ್ರಮಾಣೀಕರಣ ಮಂಡಳಿಯಿದೆ, ಬಿ.ಎ.ಸಿ.ಬಿ. ಎಂದು ಹೆಸರು. ಅದರ ಪೂರ್ಣ ಪ್ರಮಾಣದ ವರ್ತನಾ ವಿಶ್ಲೇಷಕರಾಗಲು ಸ್ನಾತಕೋತ್ತರ ಪದವಿ ಬೇಕು. 40 ಗಂಟೆ ತರಬೇತಿಯ ಒಂದು ಕೆಳಹಂತವೂ ಇದೆ. ಅವರು ಮೇಲ್ವಿಚಾರಕರ ಕೈಕೆಳಗೆ ಮಾತ್ರ ಕೆಲಸ ಮಾಡಬೇಕು. 2023ರ ಜನವರಿಯಿಂದ ಆ ಮಂಡಳಿ ಭಾರತದಲ್ಲಿ ನೆಲೆಸಿರುವವರಿಂದ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. ‘ಇಲ್ಲಿ ಓದಿ, ಅಮೆರಿಕದ ಸರ್ಟಿಫಿಕೇಟ್ ಪಡೆಯಿರಿ’ ಎಂದು ಇಂದು ಯಾರಾದರೂ ಹಣ ಕೇಳಿದರೆ, ಯಾವ ಮಂಡಳಿ, ಯಾವ ನಿಯಮ ಎಂದು ಬರವಣಿಗೆಯಲ್ಲಿ ಕೇಳಿ.

ವಿದ್ಯಾರ್ಥಿ ದೆಸೆಯಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ನಮ್ಮ ಹುಡುಗಿ ಮಾಡಿದ್ದೇ: ನುರಿತವರ ಜೊತೆ ಕುಳಿತು ನೋಡುವುದು, ಎಣಿಸುವುದು, ಬರೆಯುವುದು. ಅವಳು ಆ ಹುಡುಗನಿಗೆ ಯಾವ ಚಿಕಿತ್ಸೆಯನ್ನೂ ಕೊಡಲಿಲ್ಲ. ಅದಕ್ಕೆ ಫೀಸೂ ಕೊಡಲಿಲ್ಲ.

ಮನೆಯಲ್ಲಿ ಮಾತು ಬಾರದ ಮಗುವಿರುವ ಓದುಗರಿಗೆ ಒಂದು ಮಾತು. ಮಗುವಿನ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಹಲ್ಲು, ಕಿವಿ, ಗಂಟಲು, ಮಲಬದ್ಧತೆ, ಮೂತ್ರದ ಉರಿ, ಹೊಟ್ಟೆನೋವು ಇವನ್ನು ಪರೀಕ್ಷಿಸಿ ಎಂದು ವೈದ್ಯರನ್ನು ಕೇಳಿ. ವೈದ್ಯರು ಆತುರದಲ್ಲಿದ್ದರೆ ಇನ್ನೊಮ್ಮೆ ಕೇಳಿ. ಯಾವಾಗ ಶುರುವಾಯಿತು, ಊಟಕ್ಕೆ ಮುಂಚೆಯೋ ನಂತರವೋ, ಯಾವ ಪಕ್ಕ ಎಂದು ಒಂದು ವಾರ ಬರೆದಿಟ್ಟು ತನ್ನಿ. ವಿವರವಾದ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಕೂಡ ಸೇರಿದೆ, ಸರ್ಟಿಫಿಕೇಟ್ ಮಾಡಿಸಿಕೊಳ್ಳಿ.

ಆ ಗೃಹಿಣಿ ಮೊನ್ನೆ ಮತ್ತೆ ಬಂದಿದ್ದರು. ರಕ್ತದೊತ್ತಡ 138. ಕೋರ್ಸಿನ ಹಣ ಇನ್ನೂ ಕಟ್ಟಿಲ್ಲವಂತೆ. ಮಗಳನ್ನು ಶನಿವಾರ ಆ ವಿಶೇಷ ಶಾಲೆಗೆ ಕಳಿಸಲು ಅವರ ಯಜಮಾನರೂ ಒಪ್ಪಿದ್ದಾರೆ, ಬಸ್ ಚಾರ್ಜಿಗೆ ಮಾತ್ರ ಖರ್ಚಾಗುವುದರಿಂದ. ಮಗಳನ್ನು ಒಂದು ದಿನ ಕರೆದುಕೊಂಡು ಬನ್ನಿ, ಆ ಕೋರ್ಸಿನವರು ಕೊಟ್ಟ ಕಾಗದವನ್ನೂ ತನ್ನಿ, ಓದಿ ನೋಡೋಣ ಎಂದಿದ್ದೇನೆ.